ವುಡ್ ಲೇತ್ ಸ್ಪೀಡ್ ಹ್ಯಾಂಡಲ್ ಜಾಮ್: 1100 ದಾಟವಲ್ದು, ಎಣ್ಣಿ ಹೊಡದಷ್ಟೂ ಬಿಗಿ

ಖಾನಾಪುರ_ಕಟ್ಟಿಗಿ

ನಮಸ್ಕಾರ್ರಿ ಎಲ್ಲಾರಿಗೂ. 12 ಇಂಚಿನ ವುಡ್ ಲೇತ್ (ಕಟ್ಟಿಗಿ ತಿರುಗಿಸಿ ಕಡೆಯೂ ಮಷೀನ್), 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಸ್ಪೀಡ್ ಬದಲಿಸಾಕ ಬೆಲ್ಟ್ ಕೈಲೆ ಮೆಟ್ಟಲದಿಂದ ಮೆಟ್ಟಲಕ್ಕ ಹಾಕೂ ಸ್ಟೆಪ್ ಪುಲಿ ಅಲ್ಲ. ಮುಂದಿನ ಹ್ಯಾಂಡಲ್ ಎಳದು, ತಿರುಗಿಸಿ, ತೂತಿನ್ಯಾಗ ಕೂಡಿಸೂ ನಮೂನಿ. ಪ್ಲೇಟ್ ಮ್ಯಾಲ ನಿಮಿಷಕ್ಕ 500ರಿಂದ 2000 ಸುತ್ತಿನ ತನಕ 10 ಮಾರ್ಕ್ ಅದಾವ.

ತೊಂದ್ರಿ ಹಿಂಗೈತಿ. ಐದನೇ ಮಾರ್ಕ್ ತನಕ ಸರಿ, ಸುಮಾರು 1100. ಅಲ್ಲಿಂದ ಮ್ಯಾಲ ಹ್ಯಾಂಡಲ್ ಹಗೂರ ತಿರಗತೈತಿ, ಆದ್ರ ಸ್ಪೀಡ್ ಏರೂದಿಲ್ಲ. ಬೆಲ್ಟ್ ಕಿರ್ರ್ ಅಂತೈತಿ, ಸಡಿಲಾದಂಗ ಕಾಣತೈತಿ. ವಾಪಸ್ ಕೆಳಗ ತರಬೇಕಂದ್ರ ಎರಡೂ ಕೈ ಹಾಕಿ ಜಗ್ಗಬೇಕು. ಮೋಟರ್ ಕೆಳಗ ಕರೀ ಪುಡಿ ಬಿದ್ದೈತಿ, ಪುಲಿ ನಡಕ ಶಾಫ್ಟ್ ಹತ್ರ ಕೆಂಪಂದು, ಕಾವಿ ಮಣ್ಣಿನಂಥಾ ಪುಡಿ. ಡಬ್ಲ್ಯುಡಿ-40 ಹೊಡದೆ, ಎರಡು ದಿನ ಛಲೋ ನಡೀತು, ಮೂರನೇ ದಿನ ಮದ್ಲಿಗಿಂತ ಬಿಗಿ. ಮಳಿ ಹತ್ತಿದ ಮ್ಯಾಲ ಇನ್ನೂ ಜಾಸ್ತಿ.

ಕೆಲಸ ತೊಟ್ಟಿಲ ಕಾಲು, ಖುರ್ಚಿ ಕಡ್ಡಿ. ಕಟ್ಟಿಗಿ ಬಹಳಷ್ಟು ಸಾಗವಾನಿ. ಕೇಳೂದು ಇಷ್ಟ: ಕೆಟ್ಟಿದ್ದು ಹ್ಯಾಂಡಲ್ಲೋ ಪುಲಿಯೋ? ಗ್ರೀಸ್ ತುಂಬಬೇಕೋ ಬ್ಯಾಡೋ? ಸ್ಪಿಂಡಲ್ (ಕಟ್ಟಿಗಿ ತಿರುಗಿಸೂ ಮ್ಯಾಲಿನ ಶಾಫ್ಟ್) ಬಿಚ್ಚದ ಕೆಲಸ ಆಗತೈತೇನು?

ಉದ್ಯಮಬಾಗ_ಫಿಟ್ಟರ್

ಹ್ಯಾಂಡಲ್ ಮುಟ್ಟಬೇಡ್ರಿ, ಅದು ಸರಿ ಇದೆ. ಜಾಮ್ ಆಗಿರುವುದು ಕೆಳಗಿನ ಮೋಟರ್ ಪುಲಿ. ನೀವು ಬರೆದದ್ದರಲ್ಲೇ ಉತ್ತರ ಇದೆ, ಹೇಗೆ ಅಂತ ಹೇಳುತ್ತೇನೆ.

ಇದಕ್ಕೆ ರೀವ್ಸ್ ಡ್ರೈವ್ ಅನ್ನುತ್ತಾರೆ. ಎರಡು ಪುಲಿ, ಪ್ರತಿ ಪುಲಿಯೂ ಎರಡು ಹೋಳು. ಒಂದು ಹೋಳು ಶಾಫ್ಟಿಗೆ ಬಿಗಿದಿರುತ್ತದೆ, ಇನ್ನೊಂದು ಕೀ (ಶಾಫ್ಟಿನ ತೋಡಿನಲ್ಲಿ ಕೂರುವ ಸಣ್ಣ ಲೋಹದ ಪಟ್ಟಿ) ಮೇಲೆ ಹಿಂದೆ ಮುಂದೆ ಜಾರುತ್ತದೆ. ಈ ಅಳತೆಯ ಹೆಚ್ಚಿನ ಲೇತ್‌ಗಳಲ್ಲಿ ಹ್ಯಾಂಡಲ್ ಆಳುವುದು ಮೇಲಿನ ಸ್ಪಿಂಡಲ್ ಪುಲಿಯನ್ನು ಮಾತ್ರ. ಕೆಳಗಿನದಕ್ಕೆ ಸ್ಪ್ರಿಂಗ್ ಇದೆ, ಅದು ತಾನೇ ಹೊಂದಿಕೊಳ್ಳಬೇಕು. ಹ್ಯಾಂಡಲ್ ಮೇಲಕ್ಕೆ ತಂದರೆ ಸ್ಪಿಂಡಲ್ ಪುಲಿ ಬಾಯಿ ಬಿಡುತ್ತದೆ, ಬೆಲ್ಟ್ ಅದರ ಆಳಕ್ಕೆ ಇಳಿಯುತ್ತದೆ. ಆಗ ಹುಟ್ಟುವ ಸಡಿಲನ್ನು ಕೆಳಗಿನ ಸ್ಪ್ರಿಂಗ್ ತನ್ನ ಹೋಳನ್ನು ಒಳಗೆ ತಳ್ಳಿ ತುಂಬಿಕೊಳ್ಳಬೇಕು. ಆ ಹೋಳು ಶಾಫ್ಟಿಗೆ ಕಚ್ಚಿದ್ದರೆ ಸ್ಪ್ರಿಂಗಿಗೆ ತಳ್ಳಲು ಆಗುವುದಿಲ್ಲ. ಹ್ಯಾಂಡಲ್ ಹಗುರ, ಬೆಲ್ಟ್ ಸಡಿಲ, ಸ್ಪೀಡ್ ಅಲ್ಲೇ. ಕೆಳಕ್ಕೆ ತರುವಾಗ ಅದೇ ಕಚ್ಚಿದ ಹೋಳನ್ನು ಬೆಲ್ಟ್ ಮೂಲಕ ನೀವು ಬಲವಂತದಿಂದ ಬಿಡಿಸುತ್ತೀರಿ, ಅದಕ್ಕೇ ಎರಡು ಕೈ. ಕರೀ ಪುಡಿ ಜಾರಿದ ಬೆಲ್ಟಿನ ರಬ್ಬರು. ಕೆಂಪು ಪುಡಿ ಶಾಫ್ಟಿನ ಕಬ್ಬಿಣ. ದಿನವಿಡೀ ಒಂದೇ ಮಾರ್ಕಿನಲ್ಲಿ ಓಡಿಸಿದರೆ ಹೋಳು ಒಂದೇ ಜಾಗದಲ್ಲಿ ನಡುಗಿ ನಡುಗಿ ಶಾಫ್ಟನ್ನು ಸವೆಸುತ್ತದೆ. ಆ ಸವೆದ ಪುಡಿಯೇ ತುಕ್ಕಾಗಿ ಅಂಟಿನಂತೆ ಕೂರುತ್ತದೆ.

ಡಬ್ಲ್ಯುಡಿ-40 ಎರಡು ದಿನ ನಡೆದದ್ದೂ ಸಹಜ. ಅದು ಕೊಳೆ ಸಡಿಲಿಸುವ ದ್ರವ. ಹಗುರ ಅಂಶ ಆರಿಹೋದ ಮೇಲೆ ಉಳಿಯುವ ತೆಳು ಪದರಕ್ಕೆ ಕಟ್ಟಿಗೆ ಪುಡಿ ಅಂಟುತ್ತದೆ. ಸಾಗವಾನಿಯ ಪುಡಿಯಲ್ಲಂತೂ ಮೊದಲೇ ಎಣ್ಣೆ ಅಂಶ ಇದೆ. ಎರಡೂ ಕೂಡಿ ಮೇಣ.

ಖಾತ್ರಿ ಮಾಡಿಕೊಳ್ಳಲು: ಪ್ಲಗ್ ಕಿತ್ತಿಡಿ. ಮೋಟರ್ ಪುಲಿಯ ಸ್ಪ್ರಿಂಗ್ ಕಡೆಯ ಹೋಳನ್ನು ಎರಡೂ ಅಂಗೈಯಿಂದ ಸ್ಪ್ರಿಂಗ್ ಕಡೆಗೆ ದಬ್ಬಿ, ಬಿಡಿ. ಆರೋಗ್ಯವಾದದ್ದು ಬಿಗಿಯಾಗಿಯಾದರೂ ಸರಿದು ಟಪ್ ಅಂತ ವಾಪಸ್ ಬರಬೇಕು. ನಿಮ್ಮದು ಅಲುಗುವುದೇ ಇಲ್ಲ, ಇಲ್ಲವೆ ಹೋದದ್ದು ಅಲ್ಲೇ ನಿಲ್ಲುತ್ತದೆ.

ಸ್ಪಿಂಡಲ್ ಬಿಚ್ಚುವ ಅಗತ್ಯ ಇಲ್ಲ. ಬೆಲ್ಟ್ ಪೂರ್ತಿ ಹೊರಗೆ ತೆಗೆಯಬೇಕಾದರೆ ಮಾತ್ರ ಸ್ಪಿಂಡಲ್ ಬರಬೇಕು. ಮೋಟರ್ ಪುಲಿಯಿಂದ ಅದನ್ನು ಜಾರಿಸಿ ಜೋತುಬಿಟ್ಟರೆ ಸಾಕು.

ಖಾನಾಪುರ_ಕಟ್ಟಿಗಿ

ದಬ್ಬಿ ನೋಡಿದೆ ಸರ. ಅರ್ಧ ಇಂಚು ಹೋತು, ಅಲ್ಲೇ ನಿಂತು. ವಾಪಸ್ ಬರವಲ್ದು. ಬಿಚ್ಚೂದು ಹೆಂಗ ಹೇಳ್ರಿ. ಸ್ಪ್ರಿಂಗ್ ನೋಡಿ ಸ್ವಲ್ಪ ಅಂಜಿಕಿ ಬರತೈತಿ.

ಉದ್ಯಮಬಾಗ_ಫಿಟ್ಟರ್

ಅಂಜಿಕೆ ಇರಲಿ, ಸ್ಪ್ರಿಂಗ್ ವಿಷಯದಲ್ಲಿ ಅದು ಒಳ್ಳೆಯದೇ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಶುರು ಮಾಡಿ.

ಪುಲಿ ನಡುವೆ ನಿಂತಿರುವುದರಿಂದ ಬೆಲ್ಟ್ ತಾನಾಗಿ ಸಡಿಲ ಸಿಗಬಹುದು. ಸಿಗದಿದ್ದರೆ ಮೋಟರ್ ಪ್ಲೇಟಿನ ನಾಲ್ಕು ಬೋಲ್ಟ್ ಸಡಿಲಿಸಿ, ಸಾಮಾನ್ಯವಾಗಿ 13ರ ಪಾನಾ, ಮೋಟರ್ ಮೇಲೆತ್ತಿ ಬೆಲ್ಟ್ ಜಾರಿಸಿ. ಆಮೇಲೆ ಮೋಟರ್ ಪೂರ್ತಿ ಬಿಚ್ಚಿ ಟೇಬಲ್ ಮೇಲೆ ಇಟ್ಟುಕೊಂಡರೆ ಕೆಲಸ ಅರ್ಧ ಹಗುರ. ಬಿಚ್ಚುವ ಮೊದಲು ಎರಡು ಹೋಳುಗಳ ಮೇಲೂ ಶಾಫ್ಟಿನ ತುದಿಗೂ ಮಾರ್ಕರ್‌ನಿಂದ ಒಂದೇ ಗೆರೆ ಎಳೆಯಿರಿ. ಬಿಗಿ ಹೋಳಿನಿಂದ ಮೋಟರ್ ಮುಖಕ್ಕೆ ಎಷ್ಟು ಎಂಎಂ ಅಂತ ಅಳೆದು ಬರೆದಿಡಿ. ಈ ಅಳತೆ ಮರೆತರೆ ಮುಂದೆ ಬೆಲ್ಟ್ ಓರೆ ಓಡುತ್ತದೆ.

ಈಗ ಸ್ಪ್ರಿಂಗ್. ಶಾಫ್ಟಿನ ತುದಿಯಲ್ಲಿ ಒಂದು ಕ್ಯಾಪ್, ಅದರ ಮುಂದೆ ಸರ್ಕ್ಲಿಪ್ (ಶಾಫ್ಟಿನ ಗೀರಿನಲ್ಲಿ ಕೂರುವ, ಬಾಯಿ ಬಿಟ್ಟ ಉಂಗುರ) ಇರುತ್ತದೆ. ಸರ್ಕ್ಲಿಪ್ ನೇರ ತೆಗೆದರೆ ಕ್ಯಾಪು, ಸ್ಪ್ರಿಂಗು ಎರಡೂ ಹಾರುತ್ತವೆ. ಸರ್ಕ್ಲಿಪ್ ಮೇಲೆ ಸಡಿಲಾಗಿ ಕೂತು ಕ್ಯಾಪನ್ನು ಒತ್ತುವಷ್ಟು ಅಗಲದ ಜಿಐ ಪೈಪು, ಸುಮಾರು 3 ಇಂಚು ಉದ್ದದ್ದು ತಗೊಳ್ಳಿ. ಅದರ ಒಂದು ತುದಿಯಲ್ಲಿ ಸರ್ಕ್ಲಿಪ್ ಪಕ್ಕಡದ ಮೂತಿ ಹೋಗುವಷ್ಟು ಕಿಟಕಿ ಕೊಯ್ಯಿರಿ. ಕಿಟಕಿಯ ತುದಿ ಕ್ಯಾಪ್ ಮೇಲೆ, ಇನ್ನೊಂದು ತುದಿಗೆ ದಪ್ಪ ಪಟ್ಟಿ. ಮೂರು ಕಾಲಿನ ಪುಲ್ಲರ್ ತಂದು ಕಾಲುಗಳನ್ನು ಬಿಗಿ ಹೋಳಿನ ಹಿಂದೆ ಹಾಕಿ, ಸ್ಕ್ರೂ ಪಟ್ಟಿಯ ಮೇಲೆ ಇಟ್ಟು ತಿರುಗಿಸಿ. ಕ್ಯಾಪ್ ಒಂದೆರಡು ಎಂಎಂ ಒಳಗೆ ಸರಿದರೆ ಸರ್ಕ್ಲಿಪ್ ಸಡಿಲವಾಗುತ್ತದೆ, ಕಿಟಕಿಯಿಂದ ಅಗಲಿಸಿ ತೆಗೆಯಿರಿ. ಆಮೇಲೆ ಪುಲ್ಲರ್ ಸ್ಕ್ರೂ ನಿಧಾನ ಹಿಂದಕ್ಕೆ. ಪುಲ್ಲರ್ ಕಾಲು ಪುಲಿಯ ಅಂಚಿಗೆ ಹಾಕಬೇಡಿ, ನಡುವಿನ ದಪ್ಪ ಭಾಗಕ್ಕೆ ಹಾಕಿ. ಅಲ್ಯೂಮಿನಿಯಂ ಎರಕ ಬಿಸ್ಕೀಟಿನ ಹಾಗೆ ಚೂರಾಗುತ್ತದೆ.

ಜಾರುವ ಹೋಳು ಬರದಿದ್ದರೆ ಸುತ್ತಿಗೆ ಬೇಡವೇ ಬೇಡ. ತುಕ್ಕು ಬಿಡಿಸುವ ಎಣ್ಣೆ ನಾಲ್ಕು ಹನಿ ಶಾಫ್ಟಿನ ಸುತ್ತ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದನ್ನು ಪೂರ್ತಿ ಒರೆಸಿ, ಹಾಟ್ ಏರ್ ಗನ್ನಿನಿಂದ ಹೋಳಿನ ನಡುವನ್ನಷ್ಟೇ ಕೈ ತಾಳದಷ್ಟು ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಎಡಕ್ಕೆ ಬಲಕ್ಕೆ ಅಲುಗಿಸುತ್ತ ಎಳೆಯಿರಿ. ಗ್ಯಾಸ್ ಬತ್ತಿ, ಸ್ಟೋವ್ ಬೇಡ. ಸುತ್ತ ಕಟ್ಟಿಗೆ ಪುಡಿ, ಮೇಲೆ ಎಣ್ಣೆ.

ಬಿಗಿ ಹೋಳಿಗೆ ಎಲೆನ್ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಲೇಬೇಕು ಅಂತೇನಿಲ್ಲ. ಬಿಚ್ಚಿದರೆ ಒಂದು ಮಾತು: ಎಷ್ಟೋ ಕಡೆ ಒಂದರ ಕೆಳಗೆ ಇನ್ನೊಂದು ಸ್ಕ್ರೂ ಕೂತಿರುತ್ತದೆ. ಮೇಲಿನದು ತೆಗೆದು ಪುಲಿ ಬರಲಿಲ್ಲ ಅಂತ ಬಡಿದು ಒಡೆಯುವವರು ಕಡಿಮೆ ಇಲ್ಲ. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ.

ಬಿಚ್ಚಿದ ಮೇಲೆ ಹೋಳಿನ ಒಳ ತೂತು ನೋಡಿ. ಬರೀ ಅಲ್ಯೂಮಿನಿಯಮ್ಮೋ, ಹಿತ್ತಾಳೆ ಬಣ್ಣದ ಬುಷ್ (ತೂತಿನೊಳಗೆ ಕೂರಿಸಿದ ಬಳೆ) ಇದೆಯೋ, ಪ್ಲಾಸ್ಟಿಕ್ಕೋ? ಅದು ಗೊತ್ತಾದ ಮೇಲೆ ಎಣ್ಣೆಯ ಮಾತು.

ಗುಮ್ಮಟನಗರಿ

ಎಣ್ಣಿ, ಗ್ರೀಸ್ ಏನೂ ಬ್ಯಾಡ್ರಿ. ಕಟ್ಟಿಗಿ ಮಷೀನಿಗೆ ಒಣಾ ವಸ್ತುನ ಬೇಕು. ಕೀಲಿ ರಿಪೇರಿಯವ್ರ ಹತ್ರ ಗ್ರಾಫೈಟ್ ಪುಡಿ ಸಿಗತೈತಿ, ಶಾಫ್ಟ್ ಸ್ವಚ್ಛ ಮಾಡಿ ಬಟ್ಟೀಲೆ ತಿಕ್ಕಿ ಬಿಡ್ರಿ. ಪುಡಿ ಅಂಟೂದಿಲ್ಲ. ವಿಜಯಪುರ ಕಡೆ ಬ್ಯಾಸಗ್ಯಾಗ ಎಷ್ಟು ಧೂಳ ಅಂದ್ರ, ಗ್ರೀಸ್ ಹಚ್ಚಿದ ಯಾವ ಸಾಮಾನೂ ವಾರದಾಗ ರೊಟ್ಟಿ ಹಿಟ್ಟಿನಂಗ ಆಗತೈತಿ.

ಇನ್ನೊಂದು. ಮಷೀನ್ ಬಂದ್ ಇದ್ದಾಗ ಈ ಹ್ಯಾಂಡಲ್ ತಿರುಗಿಸಬಾರದು. ಬೆಲ್ಟ್ ಓಡದಿದ್ರ ಅದು ಏರೂದೂ ಇಲ್ಲ, ಇಳಿಯೂದೂ ಇಲ್ಲ. ಜಗ್ಗಿದ್ದೆಲ್ಲಾ ಹ್ಯಾಂಡಲ್ ಪಿನ್ನಿನ ಮ್ಯಾಲ ಬೀಳತೈತಿ.

ಉದ್ಯಮಬಾಗ_ಫಿಟ್ಟರ್

ಎರಡನೇ ಮಾತು ನೂರಕ್ಕೆ ನೂರು. ಮೊದಲನೆಯದು ನಿಮ್ಮ ಊರಿಗೆ ಸರಿ, ಖಾನಾಪುರಕ್ಕೆ ಸರಿಯಲ್ಲ. ಗ್ರಾಫೈಟ್ ವಿದ್ಯುತ್ ಹರಿಸುವ ವಸ್ತು. ಅಲ್ಯೂಮಿನಿಯಂ ಪಕ್ಕದಲ್ಲಿ ಅದಿದ್ದು ತೇವ ಸೇರಿದರೆ ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಬಿಳೀ ಪುಡಿ ಏಳುತ್ತದೆ. ಒಣ ಹವೆಯ ವಿಜಯಪುರದಲ್ಲಿ ಅದು ಕಾಣಿಸದೆ ಹೋಗಬಹುದು. ಖಾನಾಪುರದ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಅಲ್ಲಿ ಒಣದ್ದೇ ಬೇಕಾದರೆ ಪಿಟಿಎಫ್‌ಇ (ಟೆಫ್ಲಾನ್) ಇರುವ ಡ್ರೈ ಸ್ಪ್ರೇ ತಗೊಳ್ಳಿ. ಹೊಡೆದು 15 ನಿಮಿಷ ಆರಲು ಬಿಟ್ಟು ಜೋಡಿಸಿ.

ಬುಷ್ ಪ್ರಕಾರ ಹೀಗೆ ಮಾಡಿ.

ಬರೀ ಅಲ್ಯೂಮಿನಿಯಂ ತೂತು ಇದ್ದರೆ: ಪಿಟಿಎಫ್‌ಇ ಸ್ಪ್ರೇ, ಎರಡು ಪದರ. ಅದು ಸಿಗದಿದ್ದರೆ ಲಿಥಿಯಂ ಗ್ರೀಸ್, ಆದರೆ ಜೋಳದ ಕಾಳಿನಷ್ಟು ಮಾತ್ರ. ತೂತಿನ ಒಳಗೂ ಕೀ ಗಾಡಿಯಲ್ಲೂ (ಕೀ ಕೂರುವ ತೋಡು) ಬೆರಳಿನಿಂದ ಸವರಿ, ಹೋಳನ್ನು ಹತ್ತು ಸಲ ಹಿಂದೆ ಮುಂದೆ ಜಾರಿಸಿ, ಹೊರಗೆ ಬಂದದ್ದನ್ನೆಲ್ಲ ಒರೆಸಿಬಿಡಿ. ಶಾಫ್ಟ್ ಮೇಲೆ ಕಣ್ಣಿಗೆ ಕಾಣುವಷ್ಟು ಗ್ರೀಸ್ ಉಳಿದರೆ ಅದು ಹೆಚ್ಚಾಯಿತು ಅಂತಲೇ. 1440ರಲ್ಲಿ ತಿರುಗುವ ಪುಲಿ ಅದನ್ನು ಬೆಲ್ಟಿಗೆ ಎರಚುತ್ತದೆ.

ಹಿತ್ತಾಳೆ ಬಣ್ಣದ ಕಂಚಿನ ಬುಷ್ ಇದ್ದರೆ ಗ್ರೀಸೂ ಬೇಡ, ಸ್ಪ್ರೇಯೂ ಬೇಡ. ಅದು ಹೆಚ್ಚಾಗಿ ಎಣ್ಣೆ ಕುಡಿದ ಬುಷ್, ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಎಣ್ಣೆ ಇರುತ್ತದೆ. ಗ್ರೀಸ್ ಆ ರಂಧ್ರಗಳನ್ನು ಮುಚ್ಚುತ್ತದೆ. ಇದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಬಾರದು, ಒಳಗಿನ ಎಣ್ಣೆ ತೊಳೆದುಹೋಗುತ್ತದೆ. ಬಟ್ಟೆಯಿಂದ ಒರೆಸಿ, 30 ನಂಬರಿನ ಎಣ್ಣೆ ಎರಡು ಹನಿ ಬಿಡಿ. ಬುಷ್ ಒಣಗಿ ಬೆಳ್ಳಗಾಗಿದ್ದರೆ ಬಿಸಿ ನೀರಿನ ಪಾತ್ರೆಯೊಳಗೆ ಎಣ್ಣೆಯ ಡಬ್ಬಿ ಇಟ್ಟು, ಸುಮಾರು 70 ಡಿಗ್ರಿಯಲ್ಲಿ ಕೆಲವು ಗಂಟೆ ಬುಷ್ ಮುಳುಗಿಸಿಡಿ, ಎಣ್ಣೆ ತಣ್ಣಗಾಗುವವರೆಗೂ ತೆಗೆಯಬೇಡಿ. ಪಾಲಿಶ್ ಪೇಪರನ್ನೂ ಈ ಬುಷ್ ಒಳಗೆ ತಿರುಗಿಸಬೇಡಿ. ಕಾಗದದ ಹರಳು ಮೆತ್ತಗಿನ ಕಂಚಿನಲ್ಲಿ ಹೂತು ಶಾಫ್ಟನ್ನು ಅರದಂತೆ ಕೆರೆಯುತ್ತದೆ.

ಪ್ಲಾಸ್ಟಿಕ್ ಬುಷ್ ಇದ್ದರೆ ಒಣಗಿದ್ದೇ ಸಾಕು. ಸವೆದಿದ್ದರೆ ಬದಲಿಸಿ.

ಶಾಫ್ಟ್ ತೊಳೆಯಲು ಚಿಮಣಿ ಎಣ್ಣೆ ಚೆನ್ನ, ಆದರೆ ಈಗ ಅದು ಎಲ್ಲಿ ಸಿಗುತ್ತದೆ? ಪೇಂಟ್ ಅಂಗಡಿಯ ಟರ್ಪಂಟೈನ್ ನಡೆಯುತ್ತದೆ. ಪೆಟ್ರೋಲ್, ಎನ್‌ಸಿ ಥಿನ್ನರ್ ಬೇಡ. ಮೋಟರಿನ ಗಾಳಿ ಕಿಂಡಿಗಳಿಗೆ ಬಟ್ಟೆ ತುರುಕಿ, ಹಲ್ಲುಜ್ಜುವ ಹಳೆ ಬ್ರಶ್ಶಿನಿಂದ ತಿಕ್ಕಿ. ಕೀ ಗಾಡಿಯ ಮೂಲೆಗಳಲ್ಲಿ ಗಟ್ಟಿಯಾಗಿ ಕೂತ ಮೇಣವನ್ನು ಬಿದಿರು ಕಡ್ಡಿ ಚೂಪು ಮಾಡಿ ಕೆರೆಯಿರಿ. ಆಮೇಲೆ 400, ಕೊನೆಗೆ 600 ನಂಬರಿನ ಪಾಲಿಶ್ ಪೇಪರ್ ಅರ್ಧ ಇಂಚು ಪಟ್ಟಿ ಮಾಡಿ, ಬೂಟಿಗೆ ಪಾಲಿಶ್ ಹೊಡೆದ ಹಾಗೆ ಶಾಫ್ಟಿನ ಸುತ್ತ ಎಳೆಯಿರಿ. ಹೊಳೆಯಲೇಬೇಕು ಅಂತಿಲ್ಲ, ಉಗುರು ಎಳೆದರೆ ತಡೆಯಬಾರದು ಅಷ್ಟೆ. ಸ್ಟೀಲ್ ವುಲ್ ಮೋಟರ್ ಹತ್ತಿರ ತರಬೇಡಿ, ಅದರ ಎಳೆ ಒಳಗೆ ಹೋದರೆ ಶಾರ್ಟ್. ಕೀ ಗಾಡಿಯ ಅಂಚಿನಲ್ಲಿ ಎದ್ದ ಮುಳ್ಳನ್ನು ಸಣ್ಣ ಅರದಿಂದ ಎರಡೇ ಎಳೆತದಲ್ಲಿ ತೆಗೆಯಿರಿ. ಎಷ್ಟೋ ಸಲ ಜಾಮ್ ಮಾಡಿದ್ದು ಆ ಮುಳ್ಳೇ.

ಕೀ ಶಾಫ್ಟಿನಲ್ಲಿ ಬಿಗಿಯಾಗಿ, ಹೋಳಿನಲ್ಲಿ ಬೆರಳಿನಿಂದ ಜಾರುವಂತೆ ಇರಬೇಕು. ಒಣ ಶಾಫ್ಟ್ ಮೇಲೆ, ಸ್ಪ್ರಿಂಗ್ ಇಲ್ಲದೆ ಹೋಳು ಹಾಕಿ ಮೋಟರನ್ನು ನೆಟ್ಟಗೆ ನಿಲ್ಲಿಸಿ. ಹೋಳು ತನ್ನ ತೂಕಕ್ಕೇ ಇಳಿಯಬೇಕು. ಇಳಿಯಲಿಲ್ಲವಾದರೆ ಯಾವ ಎಣ್ಣೆ ಹಚ್ಚಿಯೂ ಉಪಯೋಗ ಇಲ್ಲ, ಮತ್ತೆ ಸ್ವಚ್ಛ ಮಾಡಿ.

ಬಾಗಲಕೋಟಿ_ಬಡಿಗ್ಯಾ

ಮೋಟರ್ ಹೆಂಗೂ ಬಿಚ್ಚೀರಿ, ಬೆಲ್ಟ್ ಅಳತಿ ತಗೊಂಡ ಬಿಡ್ರಿ ಅಣ್ಣಾರ. ಬೆಲ್ಟ್ ಮ್ಯಾಲ 1422ವಿ240 ಅಂಥಾ ನಂಬರ್ ಇರ್ತೈತಿ. 14 ಅಂದ್ರ ಮ್ಯಾಲಿನ ಅಗಲ 14/16 ಇಂಚು, ಅಂದ್ರ 22.2 ಎಂಎಂ. 22 ಅಂದ್ರ ಎರಡೂ ಬದಿ ಕೂಡಿ 22 ಡಿಗ್ರಿ ಕೋನ. ಕಡೀ 240 ಉದ್ದ, ಇಂಚಿನ ಹತ್ತನೇ ಪಾಲಿನ ಲೆಕ್ಕ, ಅಂದ್ರ 24 ಇಂಚು. ನಿಮ್ಮದ್ರಾಗ ಬ್ಯಾರೆ ನಂಬರ್ ಇರಬಹುದು, ಲೆಕ್ಕ ಇದ. ವರ್ನಿಯರ್ ಹಚ್ಚಿ ಅಗಲ ನೋಡ್ರಿ. ಇಂಥಾ ಚೂಪು ಕೋನದಾಗ ಅಗಲ 1 ಎಂಎಂ ಸವದ್ರ ಬೆಲ್ಟ್ ಪುಲಿಯೊಳಗ ಎರಡೂವರಿ ಎಂಎಂ ಆಳ ಇಳಿತೈತಿ. ಮ್ಯಾಲಿನ ಕಡೀ ಮಾರ್ಕಿನ್ಯಾಗ ಕೆಳಗಿನ ಪುಲಿ ಪೂರ್ತಿ ಮುಚ್ಚಿದ್ರೂ ಬೆಲ್ಟ್ ಸಡಿಲ ಉಳಿತೈತಿ. ಆವಾಗ ಪುಲಿ ಎಷ್ಟ ಸ್ವಚ್ಛ ಮಾಡಿದ್ರೂ 2000 ಬರೂದಿಲ್ಲ.

ಅಂಗಡ್ಯಾಗ ಬಿ ಸೆಕ್ಷನ್ ಬೆಲ್ಟ್ ಕೊಟ್ಟು ಇದ ನಡೀತೈತಿ ಅಂದ್ರ ತಗೋಬ್ಯಾಡ್ರಿ. ಅದು 17 ಎಂಎಂ ಅಗಲ, ಕೋನ 40 ಡಿಗ್ರಿ. ಹಿಟ್ಟಿನ ಗಿರಣಿಗೆ ಸರಿ, ಇದಕ್ಕಲ್ಲ.

ಪುಲಿ ಮುಖಕ್ಕ ಎಣ್ಣಿ ಹತ್ತಿದ್ರ ಸ್ಪಿರಿಟ್ ಹಚ್ಚಿದ ಬಟ್ಟೀಲೆ ಒರಸ್ರಿ. ಬೆಲ್ಟ್‌ಗೆ ಸೋಪಿನ ನೀರಿನ ಒದ್ದಿ ಬಟ್ಟಿ ಸಾಕು, ಪೂರ್ತಿ ಒಣಗಿದ ಮ್ಯಾಲ ಹಾಕ್ರಿ. ಜಾರತೈತಂತ ರಾಳ, ಬೆಲ್ಟ್ ಡ್ರೆಸಿಂಗ್ ಹೊಡಿಬ್ಯಾಡ್ರಿ. ಈ ಡ್ರೈವಿನ್ಯಾಗ ಬೆಲ್ಟ್ ಪುಲಿ ಮುಖದ ಮ್ಯಾಲ ಏರಿ ಇಳಿದು ಮಾಡಬೇಕು, ಅಂಟಿದ್ರ ಮತ್ತ ಜಾಮ್.

ಹ್ಯಾಂಡಲ್ ಕಡೀನೂ ಒಮ್ಮಿ ನೋಡ್ರಿ, ಬಲ ಹಾಕಿ ಜಗ್ಗೀರಿ ಅಂದ್ರಿ. ಬೆಲ್ಟ್ ತೆಗದಾಗ ಹ್ಯಾಂಡಲ್ ಎರಡು ಬೆರಳಿಲೆ ತಿರುಗಬೇಕು. ಬಿಗಿ ಇದ್ರ ಅದರ ಶಾಫ್ಟ್ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತ ಪೆಟ್ಟಿಗಿ) ಒಳಗ ಹೊಕ್ಕಲ್ಲೆ ಒಂದು ಹನಿ ಎಣ್ಣಿ. ಹ್ಯಾಂಡಲ್ ಅಲಗ್ತಿದ್ರೂ ಒಳಗಿನ ಸಾಮಾನು ತಿರುಗದಿದ್ರ ಅವೆರಡನ್ನ ಕೂಡಿಸಿದ ರೋಲ್ ಪಿನ್ ಕಟ್ ಆಗೈತಿ. ಹೊಸಾದು ಅದೇ ಸೈಜಿಂದು ಹಾಕ್ರಿ. ಅದರ ಬದಲು ಮೊಳಿ ಕಡದು ಹೊಡದ್ರ ಮುಂದಿನ ಸಲ ಪಿನ್ ಉಳದು ಒಳಗಿನ ಗೇರಿನ ಹಲ್ಲು ಮುರಿತಾವ.

ವೇಣುಗ್ರಾಮ_76

ಇಷ್ಟೆಲ್ಲ ತಾಪತ್ರಯ ಯಾಕೆ? ವಿಎಫ್‌ಡಿ (ಕರೆಂಟಿನ ಹರ್ಟ್ಜ್ ಬದಲಿಸಿ ಮೋಟರ್ ಸ್ಪೀಡ್ ಬದಲಿಸುವ ಸಾಧನ) ಹಾಕಿದರೆ ನಾಬ್ ತಿರುಗಿಸಿದರೆ ಮುಗಿಯಿತು.

ಉದ್ಯಮಬಾಗ_ಫಿಟ್ಟರ್

ಹಾಕಬಹುದು, ಆದರೆ ಈ ಮೋಟರಿಗೆ ಅಲ್ಲ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟರಿಗೆ ಸಾಮಾನ್ಯ ವಿಎಫ್‌ಡಿ ನಡೆಯುವುದಿಲ್ಲ. ಮೂರು ಫೇಸ್ ಮೋಟರ್ ಬೇಕು. 415 ವೋಲ್ಟ್ ಸ್ಟಾರ್ ಇರುವುದನ್ನು ಡೆಲ್ಟಾ ಮಾಡಿ (ಎರಡೂ ಮೋಟರ್ ಸುರುಳಿಗಳನ್ನು ಜೋಡಿಸುವ ರೀತಿ) 230ಕ್ಕೆ ಓಡಿಸಬೇಕು, ನೇಮ್ ಪ್ಲೇಟ್ ಅದಕ್ಕೆ ಒಪ್ಪಬೇಕು. ವಿಎಫ್‌ಡಿಯನ್ನು ಕಟ್ಟಿಗೆ ಪುಡಿ ಹೋಗದ ಡಬ್ಬಿಯಲ್ಲಿ ಇಡಬೇಕು. ಬಹಳ ಕೆಳಗಿನ ಹರ್ಟ್ಜ್‌ನಲ್ಲಿ ದೊಡ್ಡ ಬಟ್ಟಲು ಕೊರೆದರೆ ಮೋಟರಿನ ಫ್ಯಾನೂ ನಿಧಾನ, ಮೋಟರ್ ಬಿಸಿಯಾಗುತ್ತದೆ. ಇದು ಅರ್ಧ ದಿನದ ಸ್ವಚ್ಛತೆಗೆ ಬದಲಿ ಅಲ್ಲ.

ಖಾನಾಪುರ_ಕಟ್ಟಿಗಿ

ಆತು ನೋಡ್ರಿ. ಒಳಗ ಬರೇ ಅಲ್ಯೂಮಿನಿಯಂ, ಬುಷ್ ಇಲ್ಲ. ಶಾಫ್ಟ್ ನಡಕ ಸುಮಾರು 8 ಎಂಎಂ ಅಗಲದ ಕಂದು ಪಟ್ಟಿ, ಅದರ ಎರಡೂ ಕಡೆ ಕರೀ ಮೇಣ, ಕೀ ಗಾಡ್ಯಾಗ ಬಾಟಲಿ ಬೂಚಿನಂಗ ಗಟ್ಟಿ. ಗಾಡಿ ಅಂಚಿನ್ಯಾಗ ಮುಳ್ಳೂ ಇತ್ತು. 400, 600 ಎಳದು, ನೆಟ್ಟಗ ನಿಂದರಿಸಿದಾಗ ಹೋಳು ತಾನ ಇಳೀತು. ಪಿಟಿಎಫ್‌ಇ ಎರಡು ಪದರ ಹೊಡದೀನಿ. ಬೆಲ್ಟ್ 22.2ರದ್ದು, ಈಗ 21.4 ಐತಿ.

ಜೋಡಿಸಿ ಟ್ಯಾಕೋಮೀಟರ್ ಹಿಡದೆ. ಕೆಳಗ 510, ಮ್ಯಾಲ 1930. ಹ್ಯಾಂಡಲ್ ಒಂದ ಕೈಲೆ. ಒಂದ ಉಳಿದೈತಿ: ಕೆಳಗಿನ ಸ್ಪೀಡಿನ್ಯಾಗ ಟಕ್ ಟಕ್ ಸಪ್ಪಳ. ಮ್ಯಾಲ ಹೋದ್ರ ಕೇಳಸೂದಿಲ್ಲ.

ಉದ್ಯಮಬಾಗ_ಫಿಟ್ಟರ್

1930 ಸಾಕು. ಕಡಿಮೆ ಬಿದ್ದ 70 ಬೆಲ್ಟ್ ಸವೆದದ್ದಕ್ಕೆ ಹೋಯಿತು, ಸದ್ಯಕ್ಕೆ ಬದಲಿಸುವ ಅವಸರ ಇಲ್ಲ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಹೊರದೇಶದ ಕೆಲವು ಲೇತ್‌ಗಳ ಪ್ಲೇಟ್ 60 ಹರ್ಟ್ಜ್ ಲೆಕ್ಕಕ್ಕೆ ಬರೆದದ್ದು. ಅಲ್ಲಿ 2400 ಅಂತಿದ್ದರೆ ನಮ್ಮ 50 ಹರ್ಟ್ಜ್‌ನಲ್ಲಿ 2000ವೇ ಬರುತ್ತದೆ. ಅದನ್ನು ಜಾಮ್ ಅಂತ ತಿಳಿದು ಬಿಚ್ಚಬೇಡಿ.

ಟಕ್ ಟಕ್‌ಗೆ ಎರಡೇ ಕಾರಣ ಇರಬಹುದು. ಕೀ ಸಡಿಲ, ಅಥವಾ ಒಂದೇ ಜಾಗದಲ್ಲಿ ನಿಂತು ಬೆಲ್ಟಿಗೆ ಬಿದ್ದ ಮಡಿಕೆ. ಪ್ಲಗ್ ತೆಗೆದು ಬೆಲ್ಟಿಗೆ ಚಾಕ್‌ಪೀಸಿನ ಗುರುತು ಹಾಕಿ, ಸ್ಪಿಂಡಲ್ಲನ್ನು ಕೈಯಿಂದ ನಿಧಾನ ತಿರುಗಿಸಿ. ಗುರುತು ಒಂದೇ ಜಾಗಕ್ಕೆ ಬಂದಾಗಲೆಲ್ಲ ಕೈಗೆ ಬಿಗಿ ತಟ್ಟಿದರೆ ಬೆಲ್ಟ್. ಗುರುತಿಗೆ ಸಂಬಂಧವಿಲ್ಲದೆ ಮೋಟರ್ ಸುತ್ತಿಗೊಮ್ಮೆ ತಟ್ಟಿದರೆ ಕೀ. ಬೆಲ್ಟ್ ಆದರೆ ನಡು ಸ್ಪೀಡಿನಲ್ಲಿ ಅರ್ಧ ಗಂಟೆ ಖಾಲಿ ಓಡಿಸಿ. ದಿನದ ಕೆಲಸ ಮುಗಿಸುವ ಮೊದಲು ಹ್ಯಾಂಡಲ್ ಒಮ್ಮೆ 500ರಿಂದ 2000ಕ್ಕೆ ಏರಿಸಿ ಇಳಿಸಿ, ಪ್ರತಿ ಮಾರ್ಕಿಗೆ ಎರಡು ಮೂರು ಸೆಕೆಂಡ್. ಅದೇ ಕಂದು ಪಟ್ಟಿ ಮತ್ತೆ ಬೀಳದಂತೆ.

ಖಾನಾಪುರ_ಕಟ್ಟಿಗಿ

ಚಾಕ್ ಗುರುತಿಗೇ ಕೂಡಿ ಬರತೈತ್ರಿ ಸರ, ಬೆಲ್ಟ. ಅರ್ಧ ತಾಸು ಓಡಿಸಿದ ಮ್ಯಾಲ ಸಪ್ಪಳ ಮುಕ್ಕಾಲು ಪಾಲು ಇಳದೈತಿ.